ಇಳಿದು ನಡೆ

ಟಾರು ಮೊನ್ನೆಯೇ ಮುಗಿದಿತ್ತು, ಘಾಟಿಯ ಆ ಮಗ್ಗುಲಲ್ಲಿ.
ತುಷೇತಿಯಲ್ಲಿ ಇನ್ನು ಬರೀ
ನೆಲ್ಲಿಕಾಯಿ ಗಾತ್ರದ ಜಲ್ಲಿ;
ಚಕ್ರದಡಿ ಹುರಿಗಡಲೆ ಅಗಿದ ಸದ್ದು.
ಟಯರಿನ ಗಾಳಿ ಅರ್ಧಕ್ಕಿಳಿಸಿದ್ದೇನೆ.
ಬಿಗಿದುಕೊಂಡವರನ್ನು ಈ ದಾರಿ
ಎತ್ತೆತ್ತಿ ಹಾಕುತ್ತದೆ.

ಬೆಳಗಿನಿಂದ ಕಂಡದ್ದು ಒಂದೇ ಲಾರಿ,
ಹಿಟ್ಟಿನ ಮೂಟೆ ಹೇರಿಕೊಂಡದ್ದು.
ಅದು ಹೋಯಿತು,
ಧೂಳು ನನ್ನ ಹಲ್ಲಿನಲ್ಲಿ ಉಳಿಯಿತು.

ನಿನ್ನೆ ರಾತ್ರಿ ಉಣ್ಣೆ ಹಿಂಜುತ್ತ,
ತಲೆಯೆತ್ತದೆ, ಎತೇರಿ ಹೇಳಿದ್ದಳು:
'ನಾಯಿ ಬಂದರೆ ತುಳಿಯಬೇಡ. ಇಳಿದು ನಡೆ.
ಓಡುವುದೆಲ್ಲ ಅದರ ಲೆಕ್ಕದಲ್ಲಿ ತೋಳ.'

ಬಂತು.
ಕಿವಿ ಕತ್ತರಿಸಿದ್ದು, ಕರುವಿನೆತ್ತರದ್ದು,
ಇಳಿಜಾರಿನ ಮೌನವನ್ನೆಲ್ಲ
ಬಾಯಲ್ಲಿ ಕಚ್ಚಿಕೊಂಡು.

ಕಾಲು ಪೆಡಲನ್ನು ಬಿಡಲೊಲ್ಲದು.
ಬಿಡಿಸಿದೆ. ಇಳಿದೆ. ನಡೆದೆ,
ನಮ್ಮಿಬ್ಬರ ನಡುವೆ ಸೈಕಲ್ಲು
ಮದುವೆಯ ಅಂತರಪಟದಂತೆ.

ಮೂಸಿತು: ಸರಪಳಿಯ ಎಣ್ಣೆ,
ಮೊಣಕೈಯ ಹಳೇ ಗಾಯ,
ಜೇಬಿನಲ್ಲಿ ಎತೇರಿ ತುರುಕಿದ್ದ ಕುರಿಗಿಣ್ಣು.
ಅಲ್ಲಿ ತುಸು ಹೆಚ್ಚೇ ನಿಂತಿತು.
ಆಮೇಲೆ ಆಕಳಿಸಿತು.
ತೋಳವೂ ಅಲ್ಲ, ವೀರನೂ ಅಲ್ಲ,
ಯಾರದೋ ಮನೆಯ ಗಿಣ್ಣು ಹೊತ್ತ ದಾರಿಹೋಕ.

ಮೇಲೆ, ಕುರಿಮಂದೆಯ ನಡುವಿನಿಂದ
ಯಾರೋ ಶಿಳ್ಳೆ ಹಾಕಿದರು.
ನಾಯಿಗೋ, ನನಗೋ.
ಇಬ್ಬರೂ ತಿರುಗಿ ನೋಡಿದೆವು.