ತಲೆಗಂದಾಯ

ಇಲ್ಲಿಯ ಗ್ಯಾರೇಜಿನವರೂ ಅದನ್ನು ತಲೆ ಅಂತಲೇ ಕರೆಯುತ್ತಾರೆ.
ವಿ-ಎಂಟು ಎಂಜಿನ್ನಿಗೆ ಎರಡು.
ಡ್ಯಾಂಡಿನಾಂಗಿನ ನಮ್ಮ ಶೆಡ್ಡಿನ ಉಕ್ಕಿನ ಮೇಜಿನ ಮೇಲೆ
ಬೋರಲಾಗಿ ಮಲಗಿದ್ದವು, ಸೆಪ್ಟೆಂಬರಿನ ಒಂದು ಸೋಮವಾರ,
ಮಸಿ, ಸುಟ್ಟ ಎಣ್ಣೆ, ಹಸಿರು ಕೂಲೆಂಟಿನ ಸಿಹಿ ನಾತ.

ಜ್ವೊಂಕೊ ನೇರಪಟ್ಟಿ ಇಟ್ಟು
ಅಡಿಗೆ ತೆಳ್ಳನೆ ರೇಕು ತೂರಿಸಿದ.
ಮೂರು ಕೂದಲೆಳೆಯಷ್ಟು ಸಂದು.
ಎರಡು ವಾಲ್ವುಗಳ ನಡುವಿನ ದಿಣ್ಣೆಗೆ ಬಣ್ಣ ಸವರಿ,
ಒರೆಸಿ, ಸಿಗರೇಟು ಮುಗಿಯುವವರೆಗೆ ಕಾದ.
ಕೆಂಪು ಗೆರೆ ತಾನಾಗಿ ಮೂಡಿತು.
ಹಣೆಬರಹ ಓದುವವನ ಹಾಗೆ ಕನ್ನಡಕ ಏರಿಸಿ
‘ಬರಕೋ’ ಅಂದ.

ಬರಕೊಂಡೆ. ಬಿಲ್ಲು ನನ್ನ ಕೆಲಸ.
ದಾವಣಗೆರೆಯ ಲೇತ್ ಶಾಪಿನಲ್ಲಿ ಚಿಕ್ಕಪ್ಪನಿಗೆ ಬರೆದುಕೊಡುತ್ತಿದ್ದ ಹಾಗೆ,
ಒಂದರ ಕೆಳಗೊಂದು, ಸೊನ್ನೆಗೆ ಸೊನ್ನೆ ಕೂರಿಸಿ:
ಬಿಚ್ಚಿ ತೊಳೆಯಲು ನೂರಾ ಎಂಬತ್ತು.
ಸೋರಿಕೆ ಪರೀಕ್ಷೆ ನೂರಾ ಅರವತ್ತು.
ಹದಿನಾರು ಗೈಡು, ಒಂದಕ್ಕೆ ಇಪ್ಪತ್ತೆರಡು.
ಸೀಳು ಬೆಸೆಯಲು ನಾನ್ನೂರ ಐವತ್ತು,
ಬೆಸುಗೆ ನಿಂತೇ ನಿಲ್ಲುತ್ತದೆಂಬ ಮಾತು ಅದರಲ್ಲಿ ಸೇರಿಲ್ಲ.
ಸೀಟು, ಸ್ಪ್ರಿಂಗು, ಮುಖ ಸಾಪು ಮಾಡುವ ಕೂಲಿ,
ತೆರಿಗೆಯೂ ಕೂಡಿ ಎರಡು ಸಾವಿರದ ಆರುನೂರ ನಲವತ್ತು.

ಹಾಗೇ ಮಾರಿದರೆ ಇಡೀ ಕಾರಿಗೆ ಅಷ್ಟು ಬರುವುದೂ ಅನುಮಾನ.
ಮೂಗಿಗಿಂತ ಮೂಗುತಿ ಭಾರ,
ಲಿಂಡ್ಸೆ ಟ್ರೆಂಬಾತ್‌ನಿಗೆ ಇದನ್ನು ಹೇಳುವುದು ಹೇಗೆ?
ಸೂರಿನ ತಗಡು ಹೊಡೆಯುವವನು, ಅಂಗೈ ತುಂಬ ಗೀರು.
ಮೊತ್ತವನ್ನು ಎರಡು ಸಲ ಓದಿ
‘ಗ್ಯಾಸ್ಕೆಟ್ ಹಳೇದಾಗಿತ್ತು’ ಅಂದ, ಯಾರೂ ಕೇಳದಿದ್ದರೂ.
‘ಶುಕ್ರವಾರಗಳಂದು ಆರುನೂರು ಆರುನೂರು ಕೊಡುತ್ತೇನೆ.
ಮಗಳು ಫೋನ್ ಮಾಡಿದರೆ, ಏನೋ ಇನ್ನೂರು ಮುನ್ನೂರು, ಅನ್ನಿ.’

ಗುರುವಾರ ಮಗಳೇ ಬಂದಳು. ಟೀಗನ್.
ಮೂಗಿನಲ್ಲಿ ಸಣ್ಣ ಬೆಳ್ಳಿ ಮೂಗುತಿ!
ನನ್ನ ಗಾದೆಯನ್ನು ನಾನೇ ನುಂಗಿಕೊಂಡೆ.
ಕೂವೀರಪ್‌ನ ಶೆಡ್ಡಿನಲ್ಲಿ ಆಸ್ಪರಾಗಸ್ ಕಂತೆ ಕಟ್ಟುತ್ತಾಳಂತೆ,
ನೋಟುಗಳಿಗೂ ಹಸಿ ಕಾಂಡದ ವಾಸನೆ.
ಮೂರು ಇಪ್ಪತ್ತು. ‘ಪ್ರತಿ ವಾರ ತರುತ್ತೇನೆ. ಅಪ್ಪನಿಗೆ ಗೊತ್ತಾಗಬಾರದು.
ಸೂಜಿ ಕೆಂಪಿಗೆ ಹೋದದ್ದು ನೋಡಿದ್ದೆ.
ಪಾಕನಮ್‌ವರೆಗೆ ಹಾಗೇ ಓಡಿಸಿದೆ.
ಹೈವೇ ಪಕ್ಕ ಒಬ್ಬಳೇ ನಿಲ್ಲಲು ಹೆದರಿಕೆ.’

ಹನ್ನೊಂದು ಗುರುವಾರ. ನಾಲ್ಕು ಶುಕ್ರವಾರ.
ಒಂದೇ ಖಾತೆಗೆ ಎರಡು ಬಾಗಿಲಿನಿಂದ ದುಡ್ಡು;
ನಾನೇನು ಜಮೆ ಮಾಡಿಕೊಳ್ಳುತ್ತ ಹೋದೆ.
ಮೊತ್ತ ದಾಟಿದ ದಿನ ಜ್ವೊಂಕೊನನ್ನು ಕೇಳಿದರೆ,
ಕಲ್ಲು ತಿರುಗಿಸುತ್ತಲೇ, ‘ತಲೆ ನನ್ನದು,
ತಲೆಬಿಸಿ ನಿನ್ನದು.’

ಕೊನೆಗೆ ಒಂದು ಶನಿವಾರ ಇಬ್ಬರೂ ಬಂದರು,
ಬೇರೆ ಬೇರೆ, ಹತ್ತು ನಿಮಿಷದ ಅಂತರದಲ್ಲಿ.
ಮುದ್ರಣ ಯಂತ್ರಕ್ಕೆ ಮರ್ಯಾದೆ ಗೊತ್ತಿಲ್ಲ,
ಹೆಸರು, ತಾರೀಕು, ಎಲ್ಲ ಒದರಿಬಿಟ್ಟಿತು.
ಅವನು ಹಾಳೆ ಹಿಡಿದು ಬಹಳ ಹೊತ್ತು ನಿಂತ.
‘ಸೂಜಿ ಎಷ್ಟು ಮೇಲಿತ್ತು?’
‘ಪೂರ್ತಿ.’
‘ಹೂಂ. ಬೋಲ್ಟು ಬಿಚ್ಚಿದಾಗಲೇ ಅಂದುಕೊಂಡೆ.’
ಅಷ್ಟೇ.

ಎಣ್ಣೆ ಸವರಿ ಪ್ಲಾಸ್ಟಿಕ್ ಸುತ್ತಿದ್ದ ತಲೆಗಳು,
ಹೊಸ ಅಲ್ಯುಮಿನಿಯಂ ಬಿಳುಪು, ಕೂಸಿನಷ್ಟು ಭಾರ.
ಅವನೊಂದು ಎತ್ತಿಕೊಂಡ, ಅವಳೊಂದು.
ಬಾಗಿಲನ್ನು ಅವಳು ಬೆನ್ನಿನಿಂದ ತಳ್ಳಿ ಹಿಡಿದಳು.

‘ನಾನ್ನೂರ ಇಪ್ಪತ್ತು ಹೆಚ್ಚಿಗೆ ಬಂದಿದೆ!’ ಕೂಗಿದೆ.
ಅವಳನ್ನು ತೋರಿಸಿದ ಅವನು. ಅವನನ್ನು, ಅವಳು.
ಲಕೋಟೆ ಇನ್ನೂ ನನ್ನ ಡ್ರಾಯರಿನಲ್ಲಿದೆ.
ಇರಲಿ ಬಿಡು, ಅನ್ನುತ್ತಾನೆ ಜ್ವೊಂಕೊ,
ಆ ಕಾರಿನ ವಾಟರ್ ಪಂಪಿಗೂ ವಯಸ್ಸಾಗಿದೆ.