ಮುಟ್ಟಬಾರದ ಪೊರೆ

ಸುವಾ ಸರೋವರ ಈ ವರ್ಷವೂ ಪೂರ್ತಿ ಹೆಪ್ಪುಗಟ್ಟಲಿಲ್ಲ.
ಪ್ರಯೋಗಾಲಯದ ಕಿಟಕಿಗೆ ಕಪ್ಪು ಪರದೆ ಎಳೆದು
ಮಿಹೊ ಯಜಾಕಿ ತಾಯಿಗೆ ಕಿತ್ತಳೆ ಬಣ್ಣದ ಕನ್ನಡಕ ತೊಡಿಸುತ್ತಾಳೆ.
'ಮುಟ್ಟಬೇಡಮ್ಮಾ, ನೋಡು ಸಾಕು.'

ಮುಟ್ಟದಿರುವುದು ತೊಮಿಯೆಗೆ ಬಾರದ ವಿದ್ಯೆ.
ಇಪ್ಪತ್ತಾರು ವರ್ಷ ಕಾರ್ಖಾನೆಯ ಮೂರನೇ ಸಾಲಿನಲ್ಲಿ
ಗಾಜಿನ ಹಾಳೆಗಳನ್ನು ಮಖಮಲ್ಲಿನ ಉರುಳೆಗೆ ಕೊಟ್ಟವಳು.
ಒಂದೇ ದಿಕ್ಕಿಗೆ ಉಜ್ಜಬೇಕು. ಹಿಂದಕ್ಕೆಳೆದರೆ ಕೆಟ್ಟಿತು.
ಬಟ್ಟೆಯ ಒಂದೆಳೆ ಉದುರಿದರೂ
ಯಾರದೋ ಗಡಿಯಾರದ ಮುಖದಲ್ಲಿ ಗಾಯ.
ಈಗಲೂ ಊಟದ ಮೇಜಿನ ಹಾಸನ್ನು
ಎಡದಿಂದ ಬಲಕ್ಕಷ್ಟೇ ಸವರುತ್ತಾಳೆ.

'ಉಜ್ಜದೆ ಹೇಗೆ ಗೊತ್ತಾಗುತ್ತದೆ ಅವಕ್ಕೆ, ಯಾವ ಕಡೆಗೆಂದು?'

ಮಗಳು ದೀಪ ಹಚ್ಚುತ್ತಾಳೆ. ನೀಲಿ,
ಒಂದೇ ಗೆರೆಯಲ್ಲಿ ತುಯ್ಯುವ ಬೆಳಕು.
ಆ ಗೆರೆಗೆ ಸರಿಯಾಗಿ ನಿಂತ ಅಣುವಿಗೆ ಏಟು:
ಸೊಂಟ ಮುರಿದಂತೆ ಬಾಗಿ, ಮತ್ತೆ ನೆಟ್ಟಗಾಗಿ,
ಎದ್ದಾಗ ಒಂದಿಷ್ಟು ಹೊರಳಿರುತ್ತದೆ.
ಮತ್ತೆ ಏಟು, ಮತ್ತೆ ಹೊರಳು.
ಕೊನೆಗೊಮ್ಮೆ ಗೆರೆಗೆ ಅಡ್ಡವಾಗಿ ಮಲಗಿತೋ
ಬೆಳಕಿಗೆ ಅದರ ಗುರುತೇ ಸಿಗುವುದಿಲ್ಲ.
ಅಲ್ಲೇ ನೆಮ್ಮದಿ.

'ಹಾಗಾದರೆ ಇದು ಬೆಳಕಿನ ಮಾತು ಕೇಳುವುದಲ್ಲ,
ಬೆಳಕಿಂದ ತಪ್ಪಿಸಿಕೊಳ್ಳುವುದು.'
'ಹೂಂ. ಅಷ್ಟೇ.'
ತೊಮಿಯೆ ನಗುತ್ತಾಳೆ:
'ಮೇಲ್ವಿಚಾರಕ ಬಂದಾಗ ನಾವೂ ಹಾಗೇ.'

ಆಮೇಲೆ ಬಿಸಿ ತಟ್ಟೆ.
ಬೆರಳಚ್ಚಿನಂತೆ ಸುತ್ತಿಕೊಂಡಿದ್ದ ನಳಿಗೆಗಳು,
ಒಂದು ಕೂದಲ ಅಗಲದಲ್ಲಿ ಮೂರು ಸಾವಿರ ಹಿಡಿಯುವಂಥವು,
ಪಕ್ಕದ ಅಣುಗಳನ್ನು ನೋಡಿ ನೋಡಿ ಸಾಲು ಹಿಡಿಯುತ್ತವೆ.
ಕಣ್ಣಿಗೆ ಕಾಣುವುದೇನೂ ಇಲ್ಲ. ತೆಳು ಹಳದಿ ಪೊರೆ.

ಫೋನು ಬಂತೆಂದು ಮಗಳು ಅತ್ತ ತಿರುಗಿದ್ದಾಗ
ತಾಯಿಯ ಬೆರಳು ತಾನಾಗಿ
ಎಡದಿಂದ ಬಲಕ್ಕೆ.

ಎರಡು ವಾರದ ಕೆಲಸ.
ಮಿಹೊ ಏನೂ ಅನ್ನದೆ ಅದನ್ನು ಸೂಕ್ಷ್ಮದರ್ಶಕದಡಿ ಇಡುತ್ತಾಳೆ,
ಸೋಸುಗಾಜುಗಳನ್ನು ಒಂದಕ್ಕೊಂದು ಅಡ್ಡ ತಿರುಗಿಸುತ್ತಾಳೆ.
ಬೆಳಕು ಜೋಡಿಸಿದ್ದೆಲ್ಲ ಕಪ್ಪು, ಅಪ್ಪಟ ಕಪ್ಪು.
ನಡುವೆ ಓರೆಯಾಗಿ ಒಂದು ಪಟ್ಟಿ
ಧಗಧಗ ಉರಿಯುತ್ತಿದೆ.

'ಅಳಿಸಬಹುದು' ಅನ್ನುತ್ತಾಳೆ,
'ಬಿಸಿ ಮಾಡಿ ಮತ್ತೆ ದೀಪ ಹಿಡಿದರೆ ಹೋಗುತ್ತೆ.'
ದೀಪ ಹಚ್ಚುವುದಿಲ್ಲ.
ಡಬ್ಬಿಯ ಮೇಲೆ ತಾರೀಕು ಬರೆಯುತ್ತಾಳೆ,
ತಯಾರಿಸಿದವರ ಹೆಸರಿನ ಜಾಗಕ್ಕೆ ಬಂದು ಪೆನ್ನು ತಡೆಯುತ್ತದೆ.

ತಾಯಿ ಎರಡೂ ಕೈಗಳನ್ನು
ಕೋಟಿನ ಜೇಬಿನೊಳಗೆ ಅಡಗಿಸಿ ನಿಂತಿದ್ದಾಳೆ.