ರಸಮಟ್ಟ

ಟೈರ್ ಅಂಗಡಿ ಮೇಲಿನ ಒಂದೂವರೆ ಕೋಣೆ, ನಮ್ಮ ಆಫೀಸು.
ಸಾಲಗಾಮೆ ರಸ್ತೆಯ ಅಷ್ಟೂ ಹಾರನ್ನು ಕಿಟಕಿಯಿಂದ ಒಳಬಂದು
ನನ್ನ ಕ್ಯಾಲ್ಕುಲೇಟರ್ ಮೇಲೆ ಕೂರುತ್ತದೆ.
ಆ ಅರ್ಧ ಕೋಣೆ ಓನರ್‌ದು. ಅದಕ್ಕೆ ಎ.ಸಿ. ಇದೆ,
ರಿಮೋಟು ಅವರ ಜೇಬಲ್ಲಿದೆ,
ಅವರು ಸಕಲೇಶಪುರದಲ್ಲಿದ್ದಾರೆ.

ಹತ್ತಕ್ಕೆ ಎಲ್ಲರೂ ಹಾಜರಿರಬೇಕು, ಎಂದು ಹೇಳಲು
ಹನ್ನೆರಡೂಕಾಲಿಗೆ ಬಂದು ಮೀಟಿಂಗ್ ಮಾಡಿದರು.
"ನಾವೆಲ್ಲ ಒಂದೇ ಮನೆಯವರು ಕಣ್ರಯ್ಯಾ."
ಹೌದು.
ಮನೆಯವರಿಗೆ ಯಾರು ಸಂಬಳ ಕೊಡುತ್ತಾರೆ?

ಹುಣಸಿನಕೆರೆ ಬಡಾವಣೆ, ಏಳನೇ ಅಡ್ಡರಸ್ತೆ,
ನೂರಾ ನಲವತ್ತು ಮೀಟರ್ ಚರಂಡಿ.
ನಾನು ಕೇಳಿದ್ದು ಒಂದು ದಿನದ ಬಾಡಿಗೆಗೆ ಆಟೋಲೆವೆಲ್ಲು,
ಸಾವಿರದ ಇನ್ನೂರು.
"ನೀರಿಗೆ ದಾರಿ ಹೇಳಿಕೊಡಬೇಕೇನಮ್ಮಾ?" ನಕ್ಕರು.
ಅವರ ಭಾಮೈದನೂ ನಕ್ಕ,
ಹೋದ ವಾರ ಪ್ರಾಜೆಕ್ಟ್ ಮ್ಯಾನೇಜರ್ ಆದವನು,
ಅಲ್ಲಿಯ ತನಕ ಕೋಳಿ ಫಾರಂ.
(ಕೋಳಿ ವಿಷಯ ಅವನಿಗೆ ನಿಜಕ್ಕೂ ಗೊತ್ತು. ಸುಳ್ಳು ಹೇಳಬಾರದು.)

ಹಿದಾಯತ್ ಮೇಸ್ತ್ರಿ ಗುಂಡಿಗಿಳಿದು, ಬೆಡ್ಡಿನ ಮೇಲೆ
ರಸಮಟ್ಟ ಇಟ್ಟ.
ಗುಳ್ಳೆ, ಯಾರಿಗೂ ಹೆದರದೆ, ನಿಧಾನಕ್ಕೆ
ಹೋಗಬಾರದ ಕಡೆ ಹೋಗಿ ನಿಂತಿತು.
"ಮೇಡಂ, ಮೋರಿ ಕಡೇನೇ ಎತ್ತರ."
ಫೋನ್ ಮಾಡಿದೆ. ಬಿಜಿ. ಮತ್ತೆ ಮಾಡಿದೆ.
"ಹಾಕ್ರೀ. ಮೇಲೆ ಸ್ಲ್ಯಾಬ್ ಮುಚ್ಚಿದ್ರೆ ಯಾರಿಗೆ ಕಾಣುತ್ತೆ?"
ತಲೆ ಮೇಲಿನ ಬಾಂಡ್ಲಿ ಇಳಿಸದೆ ಹೊಂಬಾಳಮ್ಮ ನಿಂತೇ ಇದ್ದಳು
ನಾವು ತೀರ್ಮಾನ ಮಾಡುವ ತನಕ,
ತೀರ್ಮಾನ ಮಾಡುವವರು ನಾವಲ್ಲವೆಂದು ತಿಳಿದೂ.
ಹಾಕಿದೆವು.
ಇಂಜಿನಿಯರ್ ಸಹಿ ಮಾಡುವ ಅಳತೆ ಪುಸ್ತಕದಲ್ಲಿ
ದುಂಡಗಿನ ಅಕ್ಷರ ನನ್ನದು.

ಮಳೆಯೂ ಬೇಕಾಗಲಿಲ್ಲ. ಒಂದು ಭಾನುವಾರ
ಯಾರದೋ ಮನೆಯ ಎಣ್ಣೆಸ್ನಾನದ ನೀರು, ಸೀಗೆಪುಡಿ ಸಮೇತ,
ಮೋರಿಯತ್ತ ನಾಲ್ಕು ಹೆಜ್ಜೆ ಇಟ್ಟು, ಮನಸ್ಸು ಬದಲಿಸಿ
ರಿಟೈರ್ಡ್ ಲೈನ್‌ಮನ್ ಒಬ್ಬರ ಅಂಗಳಕ್ಕೆ ಬಂತು.
ಬೋರ್ಡಿನ ಮೇಲಿರುವ ನಂಬರ್ ನನ್ನದು.
ಓನರ್‌ದು ಇರುವುದು ಬಿಲ್ಲಿನ ಮೇಲೆ.
ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ.
"ಓದಿದೀಯಲ್ಲಮ್ಮಾ ನೀನು?" ಅಂದರು, ಅಷ್ಟೇ.

ರಾತ್ರಿ ಗ್ರೂಪಿನಲ್ಲಿ ಮೆಸೇಜು:
ತಪ್ಪು ಮಾಡಿದವರ ಸಂಬಳದಲ್ಲಿ ಹಿಡಿಯಲಾಗುವುದು.
ಯಾವ ತಿಂಗಳ ಸಂಬಳ, ಬರೆದಿರಲಿಲ್ಲ.
ಭಾಮೈದ ಹೆಬ್ಬೆರಳು ಒತ್ತಿದ.

ಶನಿವಾರ ಹಿದಾಯತ್ ಮೆಟ್ಟಿಲು ಹತ್ತಿ ಬಂದ.
ಏಳು ವಾರದ ಬಟವಾಡೆ ಬಾಕಿ.
ಓನರ್ ಇಲ್ಲ ಅಂದೆ. ಅವನಿಗೂ ಗೊತ್ತಿತ್ತು.
ಟೀ ಕುಡಿದ. ಲೋಟ ತಾನೇ ತೊಳೆದಿಟ್ಟ.
"ಇದೊಂದು ಇಟ್ಕೊಳ್ಳಲಾ?" ಕೇಳಿದ, ರಸಮಟ್ಟ ತೋರಿಸಿ.
ಸ್ಟಾಕ್ ಪುಸ್ತಕ ತೆಗೆದೆ:
ರಸಮಟ್ಟ, ಎರಡಡಿ, ಒಂದು. ಒಡೆದಿದೆ.

ಹೋಗುವ ಮುಂಚೆ, ಕೈಗೆ ರೂಢಿ ನೋಡಿ,
ನನ್ನ ಮೇಜಿನ ಮೇಲೇ ಅದನ್ನಿಟ್ಟು ಬಗ್ಗಿ ನೋಡಿದ.
ಒಂದು ಹಳೇ ಟೆಂಡರ್ ಕಾಗದ ನಾಲ್ಕು ಮಡಿಕೆ ಮಡಚಿ
ಕಾಲಿನ ಕೆಳಗೆ ಸಿಕ್ಕಿಸಿದ. ಮತ್ತೆ ನೋಡಿದ.
ಟವೆಲಿನಲ್ಲಿ ಸುತ್ತಿಕೊಂಡು ಇಳಿದು ಹೋದ.
ಎರಡು ವರ್ಷದಿಂದ ಉರುಳುತ್ತಿದ್ದ ಪೆನ್ನು
ಇಟ್ಟಲ್ಲೇ ಇದೆ.

ಸೋಮವಾರ ಆ ಪೆನ್ನೆತ್ತಿಕೊಂಡು ಓನರ್,
ಕಿವಿಯಲ್ಲಿ ಫೋನು, ಬಾಯಲ್ಲಿ ಚನ್ನರಾಯಪಟ್ಟಣದ ಹೊಸ ಟ್ಯಾಂಕು,
ಸ್ಟಾಕ್ ಪುಸ್ತಕಕ್ಕೆ ಓದದೆ ಸಹಿ ಹಾಕಿದರು.
ನಾನು ಹಾಳೆ ತಿರುಗಿಸಿದೆ. ಮುಂದಿನದಕ್ಕೂ ಹಾಕಿದರು:
ಆಟೋಲೆವೆಲ್ ಬಾಡಿಗೆ, ಮೂರು ದಿನ.
ಅದರ ಕೆಳಗಿನ ಚೆಕ್ಕಿಗೂ:
ಹಿದಾಯತ್, ಏಳು ವಾರ.
ಖಾತೆಯಲ್ಲಿ ದುಡ್ಡಿದೆಯೋ ಇಲ್ಲವೋ, ಬ್ಯಾಂಕಿನವರೇ ಹೇಳಬೇಕು.

ಇನ್ನೊಂದು ಹಾಳೆ ಇತ್ತು ಕೆಳಗೆ,
ನನ್ನದು.
ತಾರೀಖು ಹಾಕಿ, ಬರೆಯದೆ ಬಿಟ್ಟದ್ದು.
ಅದಕ್ಕೂ ಸಹಿ ಬಿದ್ದಿದೆ.